ಅವ್ವನ ಗುಳಿಗಿ ಚೀಲ ದುಬೈ ದಾಟಿಸಿ ಅಮೇರಿಕಾಕ್ಕ ಒಯ್ಯೋದು ಹೆಂಗ್ರಿ?

ಕಾಲುವೆ_ಕೆಳಗಿನವ
ನಮಸ್ಕಾರ್ರಿ. ಸಿಂಧನೂರು ತಾಲೂಕಿನವ ನಾನು. ತಂಗಿ ಡಲ್ಲಾಸ್‌ನ್ಯಾಗ ಅದಾಳ, ಈಗ ಏಳು ತಿಂಗಳ ಆಕಿಗೆ, ಬಾಣಂತನಕ್ಕ ನಮ್ಮವ್ವನ್ನ ಕಳಸಾಕತ್ತೀವಿ. ವೀಸಾ ಆತು, ಟಿಕೀಟೂ ಆತು, ಹೈದರಾಬಾದಿಂದ ದುಬೈ, ಅಲ್ಲಿ ನಾಕು ತಾಸು ಕುಂತು ಮತ್ತ ಡಲ್ಲಾಸ್. ಅವ್ವಗ 66, ಭಾಳಂದ್ರ ಶ್ರೀಶೈಲ, ತಿರುಪತಿ ನೋಡ್ಯಾಳ, ವಿಮಾನ ಇದ ಮೊದಲ, ಒಬ್ಬಾಕಿನ ಹೋಗ್ತಾಳ, ವೀಲ್‌ಚೇರ್ ಹೇಳೀವಿ. ಅದರ ಚಿಂತಿ ಇಲ್ಲ ನನಗ, ಚಿಂತಿ ಇರೋದು ಆಕಿ ಗುಳಿಗಿ ಚೀಲದ್ದು. ಬಟ್ಟಿ ಅಂಗಡಿ ಕೈಚೀಲ ಅದು, ಅದ್ರಾಗ ಶುಗರ್ ಗುಳಿಗಿ, ಎರಡ್ಹೊತ್ತಿನ ಇನ್ಸುಲಿನ್, ಬಿಪಿದು, ಥೈರಾಯ್ಡ್‌ದು, ಮೊಣಕಾಲ್ ಬ್ಯಾನಿಗೊಂದು, ರಾತ್ರಿ ನಿದ್ದಿಗಂತ ಸಣ್ಣದೊಂದು, ಮ್ಯಾಲೆ ಊರಾಗಿನ ಪಂಡಿತರು ಪೇಪರಿನ್ಯಾಗ ಕಟ್ಟಿಕೊಟ್ಟ ಚೂರ್ಣ. ಆರು ತಿಂಗಳಿಗಾಗುವಷ್ಟು ಒಯ್ತೀನಿ ಅಂತಾಳ. ಹೋಗಾಕ ಇನ್ನ ಐದು ವಾರ ಐತಿ. ಎಷ್ಟು ಒಯ್ಯಬಹುದು, ಯಾವದಕ್ಕ ಹಿಡೀತಾರ, ಗೊತ್ತಿದ್ದೋರು ಹೇಳ್ರಿ.

ಬಳ್ಳಾರಿ_ಕೋಟೆ_ಬೀದಿ
ಏನೂ ಆಗಲ್ಲ ಬಿಡಪ್ಪ. ಮಗನ ಹತ್ರ ನ್ಯೂಜೆರ್ಸಿಗೆ ಎರಡು ಸಲ ಹೋಗಿ ಬಂದೀನಿ, ಒಂದು ಕ್ಯಾರಿಬ್ಯಾಗ್ ತುಂಬ ಮಾತ್ರೆ ಒಯ್ದಿದ್ದೆ, ಯಾವನೂ ಮುಟ್ಟಿ ನೋಡ್ಲಿಲ್ಲ. ತಿನ್ನೋದೇನು ತಂದೀಯ ಅಂತ ಕೇಳಿದ್ರು ಅಷ್ಟೇ. ಕಟ್ಟಿ ಕಳಿಸು.

ಮೆಡಿಕಲ್_ಮಾಮ
ರಾಯಚೂರಾಗ ಔಷಧಿ ಅಂಗಡಿ ನಂದು, 20 ವರ್ಷ ಮ್ಯಾಲಾತು. ತಮ್ಮಾ, "ಮೊಣಕಾಲ್ ಬ್ಯಾನಿದು", "ನಿದ್ದಿದು" ಅಂದ್ರ ಅದು ಗುಳಿಗಿ ಹೆಸರಲ್ಲ. ನಮ್ಮ ಅಂಗಡಿಗೂ ಹಿಂಗ ಬರ್ತಾರ, ಹಳದಿ ಕೊಡ್ರಿ, ಉದ್ದಂದು ಕೊಡ್ರಿ ಅಂತ. ಚೀಲ ನೆಲಕ್ಕ ಸುರುವು, ಪಟ್ಟಿ ಒಂದೊಂದ ತಿರುಗಿಸಿ ಸಣ್ಣ ಅಕ್ಷರದಾಗ ಒಳಗಿನ ಔಷಧಿ ಹೆಸರು ಬರದಿರ್ತಾರ ನೋಡು, ಅದನ್ನ ಇಲ್ಲಿ ಬರಿ. ಕಂಪನಿ ಇಟ್ಟ ಹೆಸರು ನನಗ ಬ್ಯಾಡ. ಬಳ್ಳಾರಿ ಅಣ್ಣಾರ ಮಾತು ಆಮ್ಯಾಲೆ ನೋಡೋಣು.

ಕಾಲುವೆ_ಕೆಳಗಿನವ
ಮಾಮ, ಸುರುವಿದೆ. ಅರ್ಧಕ್ಕರ್ಧ ಪಟ್ಟಿಗೆ ಹೆಸರ ಇಲ್ಲ, ಐದೈದು ಗುಳಿಗಿ ಕತ್ತರಿಸಿ ಕೊಟ್ಟಾರಲ್ಲ ಹಂಗಾಗಿ ಹೆಸರಿನ ಭಾಗ ಅಂಗಡ್ಯಾಗ ಉಳದೈತಿ. ಸಿಕ್ಕಿದ್ದು ಬರೀತೀನಿ. ಮೆಟ್‌ಫಾರ್ಮಿನ್ 500. ಟೆಲ್ಮಿಸಾರ್ಟಾನ್ 40. ಲಿವೋಥೈರಾಕ್ಸಿನ್ 50. ಇನ್ಸುಲಿನ್ ಬಾಟ್ಲಿ ಮ್ಯಾಲೆ 30/70, 40 ಐಯು ಅಂತೈತಿ. ಮೊಣಕಾಲಿಂದು ಟ್ರಮಡಾಲ್ 37.5 ಮತ್ತ ಪ್ಯಾರಾಸಿಟಮಾಲ್ 325. ನಿದ್ದಿದು ಅಲ್ಪ್ರಜೋಲಮ್ 0.25. ಚೂರ್ಣದ ಮ್ಯಾಲೆ ಹೋದ ವರ್ಷದ ಪೇಪರ್ ಸುದ್ದಿ ಬಿಟ್ರ ಏನೂ ಬರದಿಲ್ಲ.

ಮೆಡಿಕಲ್_ಮಾಮ
ಸಿಕ್ತು ನೋಡು. ಕಡೀವು ಎರಡೂ. ಟ್ರಮಡಾಲ್ ಅಂದ್ರ ಅಫೀಮಿನ ಗುಣದ ನೋವಿನ ಔಷಧಿ, ನಮ್ಮ ದೇಶದಾಗನ 2018ರಾಗ ಎನ್‌ಡಿಪಿಎಸ್, ಅಂದ್ರ ಮಾದಕ ವಸ್ತು ತಡೆಯೋ ಕಾಯ್ದೆ ಕೆಳಗ ತಂದಾರ ಅದನ್ನ. ಅಲ್ಪ್ರಜೋಲಮ್ಮೂ ಆ ಕಾಯ್ದೆದಾಗ ಐತಿ. ಇಂಥಾ ಗುಳಿಗಿ ಪಟ್ಟಿ ಮ್ಯಾಲೆ ಎಡಕ್ಕ ಕೆಂಪು ಅಕ್ಷರದಾಗ ಎನ್‌ಆರ್‌ಎಕ್ಸ್ ಅಂತ ಹಾಕಿರ್ತಾರ, ಮಾಮೂಲಿ ಚೀಟಿ ಔಷಧಿಗೆ ಬರೇ ಆರ್‌ಎಕ್ಸ್ ಇರ್ತೈತಿ. ಕನ್ನಡಕ ಹಾಕ್ಕೊಂಡು ಹುಡುಕು, ಕಾಣ್ತೈತಿ. ನಮ್ಮಲ್ಲಿ ಚೀಟಿ ಇಲ್ಲದ ಕೊಡಂಗಿಲ್ಲ, ಕೊಟ್ರ ನಾವು ರಿಜಿಸ್ಟರಿನ್ಯಾಗ ಬರೀಬೇಕು. ಅಂಥಾದ್ದನ್ನ ದುಬೈ ಮ್ಯಾಲೆ ಚೀಟಿ ಇಲ್ಲದ, ಹೆಸರಿಲ್ಲದ ತುಂಡು ಪಟ್ಟಿಯೊಳಗ ಒಯ್ಯೋದು ಬ್ಯಾಡ.

ಬಳ್ಳಾರಿ_ಕೋಟೆ_ಬೀದಿ
ದುಬೈದಾಗ ಇಳಿಯೋದೇ ಇಲ್ವಲ್ಲ ಆ ತಾಯಿ, ಬರೀ ವಿಮಾನ ಬದಲಿ. ಏರ್‌ಪೋರ್ಟ್ ಒಳಗೇ ಕೂತ್ಕೊಂಡೋರ್ನ ಯಾಕ್ ಹಿಡೀತಾರೆ?

ಶಾರ್ಜಾ_ಮಾನ್ವಿ
ಅಣ್ಣಾರ, ಒಳಗ ಕುಂತ್ರೂ ನೆಲ ಅವರದ, ಕಾನೂನೂ ಅವರದ. ವಿಮಾನ ಬದಲಿಸೋರ ಕೈಚೀಲನೂ ಅಲ್ಲಿ ಮತ್ತೊಮ್ಮಿ ಮಷೀನಿಗೆ ಹಾಕ್ತಾರ. ನಾ ಒಂಬತ್ತು ವರ್ಷ ಆತು ಶಾರ್ಜಾದಾಗ ಎಸಿ ಕೆಲಸ, ಮಾನ್ವಿ ಹತ್ರದ ಊರು ನಂದು. ಟ್ರಮಡಾಲ್, ಕೋಡೀನ್ ಇರೋ ಕೆಮ್ಮಿನ ಔಷಧಿ, ನಿದ್ದಿ ಗುಳಿಗಿ, ಇವು ಯುಎಇದಾಗ ಕಂಟ್ರೋಲ್ಡ್. ಒಯ್ಯಬೇಕಂದ್ರ ಅವರ ಸರ್ಕಾರದ ವೆಬ್‌ಸೈಟಿನ್ಯಾಗ ಮೊದ್ಲ ಅರ್ಜಿ ಹಾಕಿ ಪರ್ಮಿಟ್ ತಗೋಬೇಕು, ಡಾಕ್ಟರ್ ಚೀಟಿ, ಪತ್ರ, ಪಾಸ್‌ಪೋರ್ಟ್ ಎಲ್ಲಾ ಅಪ್‌ಲೋಡ್ ಮಾಡಿ. ಬಿಪಿ ಶುಗರ್ ಗುಳಿಗಿಗೆ ಹಂಗೇನಿಲ್ಲ, ಮೂರು ತಿಂಗಳಿಗಾಗುವಷ್ಟು ಚೀಟಿ ಜೋಡಿ ಒಯ್ಯಬಹುದು.

ಇನ್ನೊಂದು ಹೇಳಬೇಕು, ಸ್ವಲ್ಪ ಉದ್ದ ಆಗ್ತೈತಿ. ಎರಡು ವರ್ಷದ ಹಿಂದ ರಜಾ ಮುಗಿಸಿ ಹೊರಟಾಗ ಓಣ್ಯಾಗಿನ ದೊಡ್ಡಮ್ಮ ಒಂದು ಗಂಟು ತಂದುಕೊಟ್ಟು, ನಮ್ಮ ಹುಡುಗಗ ಮುಟ್ಟಸಪ್ಪ, ಬೆನ್ನು ಬ್ಯಾನಿ ಗುಳಿಗಿ, ಅಲ್ಲಿ ಭಾಳ ತುಟ್ಟಿ ಅಂತ ಅಂದಳು, ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ರಾತ್ರಿ ನಮ್ಮಾಕಿ ಬಿಚ್ಚಿ ನೋಡು ಅಂದ್ಲು, ನೋಡಿದ್ರ ಇದ ಟ್ರಮಡಾಲ್, ಹತ್ತು ಪಟ್ಟಿ, ಅದರ ಕೆಳಗ ಪಾಯಸಕ್ಕಂತ ಅರ್ಧ ಕಿಲೋ ಗಸಗಸಿ. ಗಸಗಸಿನೂ ಅಲ್ಲಿ ನಿಷೇಧ ಅನ್ನೋದು ಆ ಮುದುಕಿಗೆ ಹೆಂಗ್ ಗೊತ್ತಾಗಬೇಕು ಹೇಳ್ರಿ, ನಮ್ಮ ಮನ್ಯಾಗ ಹಬ್ಬಕ್ಕೊಮ್ಮಿ ಮಾಡ್ತೀವಿ ಅದನ್ನ. ಮುಂಜಾನೆ ಎದ್ದು ವಾಪಸ್ ಕೊಟ್ಟೆ. ಮಾತು ಬಿಟ್ಟಳು ಒಂದು ವರ್ಷ. ಬಿಡಲಿ. ಯಾರ ಗುಳಿಗಿನೂ ನಿಮ್ಮ ಚೀಲದಾಗ ಇಟ್ಕೋಬ್ಯಾಡ್ರಿ, ಸ್ವಂತ ಮಾವನ ಇದ್ರೂ.

ಮೆಡಿಕಲ್_ಮಾಮ
ಛಲೋ ಮಾಡಿದಿ. 2017ರಾಗ ಬ್ರಿಟನ್ನಿನ ಹೆಣ್ಮಗಳೊಬ್ಬಾಕಿ ತನ್ನ ಗಂಡನಂಥವಗ ಬೆನ್ನು ಬ್ಯಾನಿಗಂತ 290 ಟ್ರಮಡಾಲ್ ಈಜಿಪ್ಟಿಗೆ ಒಯ್ದಿದ್ದಳು. ಮೂರು ವರ್ಷ ಶಿಕ್ಷಾ ಹಾಕಿದ್ರು. ಅದು ಅಲ್ಲಿ ನಿಷೇಧ ಅಂತ ಆಕಿಗೆ ಗೊತ್ತ ಇರಲಿಲ್ಲಂತ, ಚೀಲ ಬಿಚ್ಚಿ ಅಂದಾಗ ಆಕಿನ ಬಿಚ್ಚಿ ತೋರಿಸಿದ್ಲಂತ.

ಕಾಲುವೆ_ಕೆಳಗಿನವ
ಯಪ್ಪಾ, ಎದಿ ಧಸಕ್ ಅಂತು. ಅವ್ವ ಆ ಮೊಣಕಾಲ್ ಗುಳಿಗಿ ದಿನಾ ಎರಡು ತಗೋತಾಳ, ಎಂಟು ತಿಂಗಳಿಂದ. ನಿದ್ದಿದೂ ದಿನಾ. ಹಂಗಾದ್ರ ನಾಳಿಂದನ ಬಂದ್ ಮಾಡಸ್ಲೇನು ಎರಡೂ?

ನರ್ಸಕ್ಕ_ಬಳ್ಳಾರಿ
ಬ್ಯಾಡ ಬ್ಯಾಡ, ಒಮ್ಮೆಗೇ ನಿಲ್ಲಿಸಬ್ಯಾಡಿ! ಎರಡೂ ದಿನಾ ತಗೊಂಡು ಮೈಗೆ ಹತ್ತಿರ್ತಾವೆ, ಥಟ್ಟನೆ ಬಿಟ್ರೆ ನಡುಕ, ಬೆವರು, ನಿದ್ದೆ ಪೂರ್ತಿ ಹೋಗೋದು, ಅಲ್ಪ್ರಜೋಲಮ್ ಬಿಟ್ಟು ಫಿಟ್ಸ್ ಬಂದಿರೋರ್ನೂ ವಾರ್ಡಿನಾಗೆ ನೋಡೀನಿ. ಬರೆದುಕೊಟ್ಟ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಹಿಂಗಿಂಗೆ ಪ್ರಯಾಣ ಐತೆ ಅಂತ ಹೇಳಿ. ಡೋಸ್ ಸ್ವಲ್ಪ ಸ್ವಲ್ಪ ಇಳಿಸಬೇಕೋ, ಬೇರೆ ಕೊಡಬೇಕೋ, ಇಲ್ಲ ಪರ್ಮಿಟ್ ತಗೊಂಡು ಇದನ್ನೇ ಒಯ್ಯಬೇಕೋ ಅವರೇ ಹೇಳ್ಬೇಕು. ಐದು ವಾರ ಐತಲ್ಲ, ಒಳ್ಳೇದಾಯ್ತು, ಹೊರಡೋ ಹಿಂದಿನ ವಾರ ಕೇಳಿದ್ರೆ ಏನೂ ಮಾಡೋಕಾಗ್ತಿರ್ಲಿಲ್ಲ.

ಅದಕ್ಕಿಂತ ನನಗೆ ಹೆದರಿಕೆ ಆಗಿದ್ದು ಆ 40 ಐಯು ಓದಿ. ನಮ್ಮ ಕಡೆ ಇನ್ಸುಲಿನ್ ಬಾಟ್ಲಿ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಅಮೇರಿಕಾದಾಗೆ ಬಾಟ್ಲಿ 100 ಯೂನಿಟ್‌ದು, ಸಿರಿಂಜ್ ಬೇರೆ. ಇಲ್ಲಿನ ಬಾಟ್ಲಿ ಮುಗಿದು ಅಲ್ಲಿಂದು ತಂದು ಇಲ್ಲಿನ ಸಿರಿಂಜಿನಾಗೇ ಎಳೆದ್ರೆ ಎರಡೂವರೆ ಪಟ್ಟು ಹೋಗ್ತೈತೆ ಒಳಗೆ. 20ರ ಗೆರೆ ತನಕ ಎಳೆದೆ ಅಂತ ತಿಳ್ಕೊಂಡಿರ್ತಾರೆ, ಹೋಗಿರೋದು 50. ಮುದುಕರು, ಬಾಣಂತಿ ಮನೆ, ರಾತ್ರಿ ಎಲ್ಲಾರೂ ಮಗೀನ ಹಿಂದೆ, ಯಾರು ನೋಡ್ತಾರೆ? ತಂಗಿಗೆ ಈಗ್ಲೇ ಫೋನ್ ಮಾಡಿ ಹೇಳಿ. ಆಗೋದಿದ್ರೆ ಹೋಗೋಕ್ಕೆ ಮುಂಚೆನೇ ಡಾಕ್ಟರ್ ಕೇಳಿ ಪೆನ್ನಿಗೆ ಬದಲಾಯಿಸ್ಕೊಳ್ಳಿ, ಪೆನ್ ಹೆಚ್ಚಾಗಿ 100ರದ್ದೇ, ಯೂನಿಟ್ ತಿರುಗಿಸಿ ಚುಚ್ಚೋದು, ಗೆರೆ ಲೆಕ್ಕ ಇಲ್ಲ.

ಗಂಗಾವತಿ_ಗೌರಿ
ಅಕ್ಕ ಹೇಳಿದ್ದು ಖರೇ ಐತಿ. ನಾನು ಹೂಸ್ಟನ್‌ನ್ಯಾಗ ಮೂರು ವರ್ಷ ಇದ್ದೆ, ನಮ್ಮತ್ತಿ ಬಂದಾಗ ಹಿಂಗ ಇನ್ಸುಲಿನ್ ಮುಗೀತು. ವಾಲ್‌ಮಾರ್ಟ್ ಔಷಧಿ ಅಂಗಡ್ಯಾಗ ಹಳೇ ತರದ ಹ್ಯೂಮನ್ ಇನ್ಸುಲಿನ್ ಟೆಕ್ಸಾಸ್‌ನ್ಯಾಗ ಚೀಟಿ ಇಲ್ಲದನೂ ಕೊಡ್ತಾರ, ಬಾಟ್ಲಿಗೆ ಸುಮಾರು 25 ಡಾಲರ್ ಇತ್ತು. ನಮ್ಮಲ್ಲಿ 30/70 ಅಂತೀವಲ್ಲ ಅದಕ್ಕ ಅಲ್ಲಿ 70/30 ಅಂತಾರ, ಮಾಲು ಅದ. ನಮ್ಮತ್ತಿ ಉಲ್ಟಾ ಬರದೈತಿ ಇದು ಬ್ಯಾರೆ, ನಾ ಚುಚ್ಚಿಸ್ಕೊಳ್ಳಂಗಿಲ್ಲ ಅಂತ ಕುಂತುಬಿಟ್ಟಿದ್ರು.

ಈಗ ಆರು ತಿಂಗಳ ವಿಷಯ. ಅಮೇರಿಕಾದವರು ಸ್ವಂತಕ್ಕ ಅಂದ್ರ ಸಾಮಾನ್ಯವಾಗಿ 90 ದಿನಕ್ಕಾಗುವಷ್ಟು ಒಪ್ಕೋತಾರ. ಅದರ ಮ್ಯಾಲೆ ಇರೋರಿಗೆ ಉಳಿದಿದ್ದನ್ನ ಆಮ್ಯಾಲೆ ಪಾರ್ಸೆಲ್‌ನ್ಯಾಗ ತರಿಸ್ಕೊಳ್ಳಾಕ ದಾರಿ ಐತಿ, ವೀಸಾ ಪಾಸ್‌ಪೋರ್ಟ್ ಝೆರಾಕ್ಸ್, ಡಾಕ್ಟರ್ ಪತ್ರ, ಇಂಗ್ಲಿಷ್ ಚೀಟಿ ಎಲ್ಲಾ ಒಳಗಿಟ್ಟು ಕಳಿಸಬೇಕು. ಇಲ್ಲಂದ್ರ ಅಲ್ಲೇ ಒಬ್ಬ ಡಾಕ್ಟರಿಗೆ ತೋರ್ಸಿ ಬರೆಸ್ಕೊಂಡ್ರ ಮೆಟ್‌ಫಾರ್ಮಿನ್, ಲಿವೋಥೈರಾಕ್ಸಿನ್ ಏನ್ ತುಟ್ಟಿ ಅಲ್ಲ, ಡಾಕ್ಟರ್ ಫೀಸ ತುಟ್ಟಿ. ಒಳಗಿನ ಔಷಧಿ ಹೆಸರು ಗೊತ್ತಿದ್ರ ಮಾತ್ರ ಇದು ಆಗ್ತೈತಿ, ಇಲ್ಲಿನ ಕಂಪನಿ ಹೆಸರು ಅಲ್ಲಿ ಯಾರಿಗೂ ತಿಳಿಯಂಗಿಲ್ಲ. ಪ್ಯಾರಾಸಿಟಮಾಲ್ ಅಂದ್ರೂ ಮಕ ನೋಡ್ತಾರ, ಅಲ್ಲಿ ಅದು ಅಸಿಟಮಿನೋಫೆನ್.

ಚೂರ್ಣ ಬಿಡ್ರಿ. ಪೇಪರಿನ್ಯಾಗ ಕಟ್ಟಿದ ಹೆಸರಿಲ್ಲದ ಪುಡಿ ತೋರ್ಸಿ ಏನಂತ ಹೇಳ್ತೀರಿ, ಅದೂ ಅವ್ವಾರಿಗೆ ಇಂಗ್ಲಿಷ್ ಬರಲ್ಲ. ಕೈಚೀಲದಾಗ 350 ಎಂಎಲ್‌ಗಿಂತ ಹೆಚ್ಚು ಪುಡಿ ಇದ್ರ ಅಮೇರಿಕಾ ವಿಮಾನಕ್ಕ ಹೆಚ್ಚಿನ ಚೆಕ್ಕಿಂಗ್ ಬೀಳ್ತೈತಿ, ಶೇಂಗಾ ಚಟ್ನಿ ಪುಡಿ ಆದ್ರೂ ಅಷ್ಟ. ಚಟ್ನಿ, ಬಾಣಂತಿ ಖಾರ, ಅಂಟಿನ ಉಂಡಿ ಎಲ್ಲಾ ದೊಡ್ಡ ಚೀಲಕ್ಕ ಹಾಕ್ರಿ, ಬಾಣಂತಿ ಲೇಹ್ಯನೂ ಅಲ್ಲೇ, ಕೈಯಾಗ ಹಿಡಕೊಂಡ್ರ 100 ಎಂಎಲ್ ರೂಲ್‌ಗೆ ಹೋಗ್ತೈತಿ. ಕೂಸಿಗೆ ತೇಯ್ದು ಹಚ್ಚೋ ಬಜಿ ಇಡಬ್ಯಾಡ್ರಿ, ಅದನ್ನ ತಿನ್ನೋದ್ರಾಗ ಹಾಕೋದು ಅಮೇರಿಕಾದಾಗ 1968ರಾಗನ ಬಂದ್ ಮಾಡ್ಯಾರ. ಗಸಗಸಿ ಅಂತೂ ದುಬೈ ದಾರಿ ಹಿಡದೋರು ಮುಟ್ಟಲೇಬಾರದು.

ಬಳ್ಳಾರಿ_ಕೋಟೆ_ಬೀದಿ
ಇಷ್ಟೆಲ್ಲಾ ಓದಿದ್ರೆ ಯಾವ ಮುದುಕರೂ ಮನೆ ಬಿಟ್ಟು ಹೋಗಲ್ಲ ಮಾರಾಯ್ರೆ. ನಾನು ಹೋದಾಗ ಏನೂ ಆಗಿರ್ಲಿಲ್ಲ ಅಂತಷ್ಟೇ ಹೇಳಿದ್ದು.

ಮೆಡಿಕಲ್_ಮಾಮ
ಅಣ್ಣಾರ, ನಿಮ್ಮ ಕ್ಯಾರಿಬ್ಯಾಗಿನ್ಯಾಗ ಏನೇನಿದ್ವು ಹೇಳ್ರಿ ನೋಡೋಣು.

ಬಳ್ಳಾರಿ_ಕೋಟೆ_ಬೀದಿ
ಬಿಪಿದು, ಗ್ಯಾಸ್‌ದು, ಕೊಲೆಸ್ಟ್ರಾಲ್‌ದು. ಕೆಮ್ಮಿಗೊಂದು ಬಾಟ್ಲಿ. ಯಾವ ದಾರೀಲಿ ಹೋದ್ರಿ ಅಂತ ಕೇಳ್ಬ್ಯಾಡ, ಗೊತ್ತು, ಬೆಂಗಳೂರಿಂದ ಫ್ರಾಂಕ್‌ಫರ್ಟ್.

ಮೆಡಿಕಲ್_ಮಾಮ
ಅದಕ್ಕ ಮತ್ತ! ನಿಮ್ಮ ಗುಳಿಗಿ ಬ್ಯಾರೆ, ದಾರಿ ಬ್ಯಾರೆ. ಕೆಮ್ಮಿನ ಬಾಟ್ಲಿ ಹಿಂದ ಕೋಡೀನ್ ಅಂತ ಏನರ ಐತೇನು ನೋಡ್ರಿ ಒಮ್ಮಿ, ಸುಮ್ನ.

ಕೊಪ್ಪಳ_ಒಸಾಕಾ
ನಡುವ ಬಾಯಿ ಹಾಕ್ತೀನಿ, ಜಪಾನಿಗೆ ಹೋಗೋರು ಯಾರರ ಇದ್ರ ಅಂತ. ಕಂಪನಿ ಟ್ರೇನಿಂಗಿಗೆ ಒಂಬತ್ತು ತಿಂಗಳು ಹೋಗಿದ್ದೆ. ಅಲ್ಲಿ ಶೀತದ ಗುಳಿಗಿನೂ ಹುಷಾರ್, ಸೂಡೋಎಫಿಡ್ರಿನ್ 10 ಪರ್ಸೆಂಟ್ ಮ್ಯಾಲೆ ಇದ್ರ ಒಳಗ ಬಿಡಂಗಿಲ್ಲ. ಮಕ್ಕಳಿಗೆ ಗಮನ ನಿಲ್ಲಲ್ಲ ಅಂತ ಕೊಡ್ತಾರಲ್ಲ ಕೆಲವು ದೇಶದಾಗ ಆಂಫೆಟಮಿನ್ ಇರೋವು, ಅವಕ್ಕ ಡಾಕ್ಟರ್ ಚೀಟಿ ಇದ್ರೂ ಜಾಗ ಇಲ್ಲ. ಚೀಟಿ ಮ್ಯಾಲಿನ ಮಾಮೂಲಿ ಗುಳಿಗಿ ಒಂದು ತಿಂಗಳಿಗಿಂತ ಹೆಚ್ಚು ಒಯ್ಯಬೇಕಂದ್ರ ಯುನ್ಯು ಕಾಕುನಿನ್ ಶೋ ಅಂತ ಕಾಗದ ಹೋಗೋಕಿಂತ ಮೊದ್ಲ ಮಾಡಿಸ್ಕೋಬೇಕು. ನನ್ನ ಅಸ್ತಮಾ ಪಂಪಿಗೆ ಅದನ್ನ ಮಾಡಿಸ್ಕೊಂಡಿದ್ದೆ, ಕಸ್ಟಮ್ಸ್‌ನವ ಕಾಗದ ನೋಡಿ ತಲಿ ಬಗ್ಗಿಸಿ ನಮಸ್ಕಾರ ಮಾಡಿದ, ನಾನೂ ಮಾಡಿದೆ.

ಕಾಲುವೆ_ಕೆಳಗಿನವ
ನರ್ಸಕ್ಕ, ಇನ್ಸುಲಿನ್ ಹೆಂಗ್ ಒಯ್ಯಬೇಕು ಅದನ್ನೂ ಹೇಳಿಬಿಡ್ರಿ. ನಮ್ಮೂರಾಗ ಈಗ 42 ಡಿಗ್ರಿ, ಮನ್ಯಾಗ ಕರೆಂಟ್ ಹೋದ್ರ ಅವ್ವ ಬಾಟ್ಲಿನ ಡಬ್ಬ್ಯಾಗ ಹಾಕಿ ನೀರಿನ ಕೊಡದ ಮಗ್ಗಲ ಮಣ್ಣಿನ ಗಡಿಗ್ಯಾಗ ಇಡ್ತಾಳ. ಕಾರಿನ್ಯಾಗ ಶಂಷಾಬಾದ್ ಏರ್‌ಪೋರ್ಟ್ ಮುಟ್ಟಾಕನ ಐದು ತಾಸು ಬೇಕು.

ನರ್ಸಕ್ಕ_ಬಳ್ಳಾರಿ
ನಿಮ್ಮವ್ವ ಜಾಣೆ, ಗಡಿಗೆ ಉಪಾಯ ಸರಿ ಐತೆ. ಕಾರಿನ ಡಿಕ್ಕಿಯಾಗೆ ಮಾತ್ರ ಇಡಬ್ಯಾಡಿ, ಬೆಂದು ಹೋಗ್ತೈತೆ. ದೊಡ್ಡ ಚೀಲಕ್ಕೂ ಬ್ಯಾಡ, ವಿಮಾನದ ಹೊಟ್ಟೆಯಾಗೆ ತಂಡಿಗೆ ಗಡ್ಡೆ ಕಟ್ಟಿದ್ರೆ ಆ ಇನ್ಸುಲಿನ್ ಬಿಸಾಕೋದೇ, ಕರಗಿಸಿ ಚುಚ್ಚೋ ಹಂಗಿಲ್ಲ. ಅದಕ್ಕೇ ಐಸಿಗೆ ನೇರ ತಾಗಿಸಿಯೂ ಇಡಬಾರದು, ಬಟ್ಟೆ ಸುತ್ತಿ ಕೂಲ್ ಪೌಚಿನಾಗೆ ಹಾಕಿ ಕೈಚೀಲದಾಗೇ ಇಟ್ಕೊಳ್ಳಲಿ. ಸೂಜಿ, ಸಿರಿಂಜ್, ಗ್ಲುಕೋಮೀಟರ್ ಜೊತೇಲೇ, ಚೀಟಿ ಇದ್ರೆ ಸೆಕ್ಯುರಿಟಿಯಾಗೆ ಬಿಡ್ತಾರೆ, ಟ್ರೇಗೆ ಹಾಕೋವಾಗ ಇದು ಇನ್ಸುಲಿನ್ ಅಂತ ಬಾಯಿಬಿಟ್ಟು ಹೇಳ್ಬೇಕು. ವಿಮಾನದಾಗೆ ಫ್ರಿಜ್‌ನಾಗಿಡಿ ಅಂತ ಕೊಡೋದೂ ಬ್ಯಾಡ, ಇಳಿಯೋವಾಗ ಮರೀತಾರೆ. ತೆರೆದ ಬಾಟ್ಲಿ ರೂಮಿನ ತಂಪಿನಾಗೆ ಸುಮಾರು ನಾಕು ವಾರ ತಡ್ಕೊಳ್ತೈತೆ.

ಹೊತ್ತಿನ ಲೆಕ್ಕ ಬೇರೆ ಐತೆ. ಡಲ್ಲಾಸ್ ಈಗ ನಮಗಿಂತ ಹತ್ತೂವರೆ ತಾಸು ಹಿಂದೆ. ಪಡುವಣಕ್ಕೆ ಹೋಗೋದ್ರಿಂದ ಆ ದಿನ ನಿಮ್ಮವ್ವಂಗೆ ಮೂವತ್ನಾಕೂವರೆ ತಾಸಿನ ದಿನ. ಯಾವ ಊಟಕ್ಕೆ ಎಷ್ಟು ಅಂತ ಡಾಕ್ಟರ್ ಹತ್ರ ಕನ್ನಡದಾಗೆ ಬರೆಸ್ಕೊಂಡು ಪೌಚಿಗೆ ಅಂಟಿಸಿ. ಊಟದ ತಟ್ಟೆ ಕೈಗೆ ಬರೋವರೆಗೂ ಸೂಜಿ ಮುಟ್ಟಬಾರದು, ವಿಮಾನದಾಗೆ ಊಟ ತಡ ಆಗೋದು ಮಾಮೂಲು, ಗಾಳಿ ಜೋರಿದ್ರೆ ಗಾಡಿನೇ ತರಲ್ಲ. ಗ್ಲುಕೋಸ್ ಬಿಸ್ಕತ್ತು, ನಾಕು ಸಕ್ಕರೆ ಪೊಟ್ಟಣ ಸೀರೆ ಸೆರಗಿಗೆ ಕಟ್ಕೊಂಡಿರ್ಲಿ.

ಗಂಗಾವತಿ_ಗೌರಿ
ಒಂದು ಮರ್ತಿದ್ದೆ. ಗುಳಿಗಿ ಪೌಚು ಟ್ರಾಲಿ ಒಳಗ ಹಾಕಬ್ಯಾಡ್ರಿ, ಹೆಗಲಿಗೆ ಹಾಕ್ಕೊಳ್ಳೋ ಸಣ್ಣ ಬ್ಯಾಗಿನ್ಯಾಗ ಇರ್ಲಿ. ನಮ್ಮತ್ತಿದು ವಿಮಾನ ತುಂಬೈತಿ ಅಂತ ಬಾಗಲದಾಗನ ಟ್ರಾಲಿ ಇಸ್ಕೊಂಡು ಕೆಳಗ ಹಾಕಿಬಿಟ್ರು, ಗುಳಿಗಿ ಎಲ್ಲಾ ಅದ್ರಾಗ, ಹದಿನಾರು ತಾಸು ಬಿಪಿ ಗುಳಿಗಿ ಇಲ್ಲದ ಕುಂತು ಹೋಗ್ಯಾರ ಪಾಪ. ಬಾಯಿಬಿಟ್ಟು ಹೇಳಾಕ ಭಾಷಾ ಬರಲಿಲ್ಲ.

ಕಾಲುವೆ_ಕೆಳಗಿನವ
ಅಪ್ಡೇಟ್ ಕೊಡ್ತೀನಿ, 12 ದಿನ ಆತು ಕೇಳಿ. ಡಾಕ್ಟರ್ ಹತ್ರ ಹೋದ್ವಿ. ಮೊಣಕಾಲಿಂದು ಮೂರು ವಾರದಾಗ ಇಳಿಸ್ಕೊಂತ ಬಂದು ಬರೇ ಪ್ಯಾರಾಸಿಟಮಾಲ್‌ಗೆ ತರೋದು, ಜೋಡಿ ಹಚ್ಚೋ ಮುಲಾಮು, ತೊಡಿ ಕಸರತ್ತು. ನಿದ್ದಿದೂ ಹಂಗ, ಅರ್ಧ, ಕಾಲು, ಆಮ್ಯಾಲೆ ದಿನಾ ಬಿಟ್ಟು ದಿನ. ಅವ್ವ ದಿನಾ ಬೈತಾಳ ನನಗ, ಆಕಿ ಕೂಸಿನ ಸಲುವಾಗಿ ನನ್ನ ಮೊಣಕಾಲ್ ಮುರೀತಿಯಲ್ಲೋ ಅಂತ. ಮೊದಲ ವಾರ ರಾತ್ರಿ ಎರಡಕ್ಕೆದ್ದು ಅಂಗಳದಾಗ ಅಡ್ಡಾಡ್ತಿದ್ಲು, ನೋಡಾಕ ಆಗ್ತಿದ್ದಿಲ್ಲ, ಗುಳಿಗಿ ಕೊಟ್ಟುಬಿಡ್ಲೇನು ಅನಿಸಿತ್ತು ಎರಡು ಸಲ. ಈಗ ಪರವಾಗಿಲ್ಲ. ಇನ್ಸುಲಿನ್ ಪೆನ್ನಿಗೆ ಹಾಕ್ಯಾರ, ಅಕ್ಷರ ಗುರ್ತಿಲ್ಲ ಆಕಿಗೆ ಆದ್ರ ಟಿಕ್ ಟಿಕ್ ಸಪ್ಪಳ ಎಣಿಸಿ ಹಾಕ್ಕೋತಾಳ.

ಪತ್ರ ಬರೆಸೀನಿ, ಲೆಟರ್‌ಹೆಡ್ ಮ್ಯಾಲೆ ಇಂಗ್ಲಿಷಿನ್ಯಾಗ, ಹೆಸರು ಪಾಸ್‌ಪೋರ್ಟಿನ್ಯಾಗ ಇದ್ದಂಗನ. ಚೀಟ್ಯಾಗ ಮೊದ್ಲ ಅಮ್ಮ ಅಂತ ಸೇರಿಸಿ ಬರದಿದ್ರು, ಪಾಸ್‌ಪೋರ್ಟಿನ್ಯಾಗ ಅದಿಲ್ಲ, ತಿದ್ದಿಸಿದೆ. ಗುಳಿಗಿ ಎಲ್ಲಾ ಒಂದ ಅಂಗಡ್ಯಾಗ ಪೂರಾ ಪಟ್ಟಿ ತಗೊಂಡೆ, 90 ದಿನದ್ದು, ಬಿಲ್ ಸಮೇತ. ಚೂರ್ಣ ಮನ್ಯಾಗ ಉಳೀತು.

ಶಾರ್ಜಾ_ಮಾನ್ವಿ
ಹಳೇ ಚೀಲದ ಮೂಲಿ ಜಾಡಿಸಿ ನೋಡ್ರಿ ಅಣ್ಣ, ಒಂದೆರಡು ಹಳೇ ಗುಳಿಗಿ ಉಳದಿರ್ತಾವ. ಹೊಸ ಚೀಲ ಕೊಡಿಸಿದ್ರ ಇನ್ನೂ ಛಲೋ.

ಬಳ್ಳಾರಿ_ಕೋಟೆ_ಬೀದಿ
ಮೆಡಿಕಲ್ ಮಾಮ, ಬಾಟ್ಲಿ ನೋಡ್ದೆ. ಕೋಡೀನ್ ಐತೆ. ಎರಡು ಸಲ ಒಯ್ದು ತಂದೀನಿ ಅದನ್ನ, ಚೀಟಿನೂ ಇರ್ಲಿಲ್ಲ. ಮುಂದಿನ ಸಲ ಮಗ ಅಬುಧಾಬಿ ಮೇಲೆ ಟಿಕೆಟ್ ಹಾಕೀನಿ ಅಂದಿದ್ದಾನೆ.

ಮೆಡಿಕಲ್_ಮಾಮ
ಬಾಟ್ಲಿ ಮನ್ಯಾಗ ಬಿಡ್ರಿ ಅಣ್ಣಾರ. ಕೆಮ್ಮಿಗೆ ಶುಂಠಿ ಬೆಲ್ಲ ಒಯ್ರಿ.

ಕಾಲುವೆ_ಕೆಳಗಿನವ
ಅವ್ವ ಮುಟ್ಯಾಳ್ರಿ! ದುಬೈದಾಗ ಪೌಚು ಬಿಚ್ಚಿಸ್ಯಾರ, ಪತ್ರಕ್ಕ ಪಟ್ಟಿ ಹೋಲಿಸಿ ನೋಡಿ ಕೊಟ್ಟಾರ, ಎರಡು ನಿಮಿಷ ಅಂತ. ಡಲ್ಲಾಸ್‌ನ್ಯಾಗ ಗುಳಿಗಿ ಯಾರೂ ಕೇಳಿಲ್ಲ, ಅಂಟಿನ ಉಂಡಿ ಡಬ್ಬಿ ತೆಗೆಸಿ ಇದೇನು ಅಂತ ಕೇಳ್ಯಾರ, ಈಕಿ ಕೈ ಸನ್ನಿ ಮಾಡಿ ಕೂಸು ತೂಗಿ ತೋರಿಸ್ಯಾಳ, ಆ ಹೆಣ್ಮಗಳು ನಕ್ಕು ಬಿಟ್ಟಾಳಂತ. ಮೊಣಕಾಲ್ ಹೆಂಗೈತಿ ಅಂದ್ರ ಇಲ್ಲಿ ತಂಡಿ ಎಸಿ ಅಂತ ಬೈದಳು. ತಂಗಿಗೆ ಹೆರಿಗಿ ಇನ್ನ ಮೂರು ವಾರ.

ಲಿಂಗಸುಗೂರು_ಹೊಸಬ
ಅಣ್ಣಾರ, ನಮ್ಮ ಅಬ್ಬಾ ಮುಂದಿನ ತಿಂಗಳ ಉಮ್ರಾಕ್ಕ ಹೊಂಟಾರ, ಫಿಟ್ಸ್ ಗುಳಿಗಿ ದಿನಾ ನುಂಗ್ತಾರ, ಸೌದಿದಾಗ ಏನರ ತ್ರಾಸ್ ಆಗ್ತೈತೇನು?

ಮೆಡಿಕಲ್_ಮಾಮ
ಸೌದಿಯವರದೂ ಕಂಟ್ರೋಲ್ಡ್ ಔಷಧಿಗೆ ಬ್ಯಾರೆ ಪರ್ಮಿಟ್ ಐತಿ, ಅವರ ಆಹಾರ, ಔಷಧಿ ಇಲಾಖೆ ಎಸ್‌ಎಫ್‌ಡಿಎ ವೆಬ್‌ಸೈಟಿನ್ಯಾಗ ಹೋಗೋಕಿಂತ ಮೊದ್ಲ ಹಾಕಬೇಕು. ಫಿಟ್ಸ್‌ದ್ರಾಗ ಕೆಲವು ಅದಕ್ಕ ಬರ್ತಾವ, ಕೆಲವು ಬರಂಗಿಲ್ಲ, ಫಿನೋಬಾರ್ಬಿಟೋನ್, ಕ್ಲೋಬಜಾಮ್‌ದಂಥಾವು ಇದ್ರ ಪರ್ಮಿಟ್ ಬೇಕಾಗ್ತೈತಿ. ಒಂದಿನನೂ ತಪ್ಪಸಬ್ಯಾಡ್ರಿ ಅಷ್ಟರಾಗ. ಪಟ್ಟಿ ತಿರುಗಿಸಿ ಹಿಂದಿನ ಹೆಸರು ಬರಿ ಮೊದ್ಲ.

ಲಿಂಗಸುಗೂರು_ಹೊಸಬ
ಪಟ್ಟಿ ಕತ್ತರಿಸಿ ಕೊಟ್ಟಾರ್ರಿ, ಹೆಸರ ಇಲ್ಲ.